ಗುತ್ತೂರಿನ ತಂತಿ, ಬಾತಿಯ ಮೋಟರ್

ದಾವಣಗೆರೆಯಿಂದ ಹರಿಹರಕ್ಕೆ ಹಳೆಯ ಪಿ.ಬಿ. ರಸ್ತೆ ಹಿಡಿದು ಹೋದವರಿಗೆಲ್ಲ ಬಾತಿ ಗೊತ್ತು: ಕೆರೆ, ಗುಡ್ಡ, ಗುಡ್ಡದ ದರ್ಗಾ. ಆದರೆ ಇನ್ನೊಂದಿಷ್ಟು ದೂರ ಹೋದರೆ ಸಿಗುವ ಗುತ್ತೂರನ್ನು ಹೆಚ್ಚಿನವರು ಕಣ್ಣೆತ್ತಿ ನೋಡಿರುವುದಿಲ್ಲ. ಹರಿಹರದ ಮಗ್ಗುಲಲ್ಲಿರುವ ಈ ಊರಿನಲ್ಲಿ 400 ಕೆವಿ ವಿದ್ಯುತ್ ಕೇಂದ್ರವಿದೆ. ಕೈಗಾದ ಅಣುಸ್ಥಾವರದ ಕಡೆಯಿಂದಲೂ ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳ ಕಡೆಯಿಂದಲೂ ಬರುವ ದಪ್ಪ ತಂತಿಗಳು ಇಲ್ಲಿ ಕೂಡಿ, ಹಿರಿಯೂರಿನ ದಾರಿಯಾಗಿ ದಕ್ಷಿಣಕ್ಕೆ ಸಾಗುತ್ತವೆ. ಒಂದು ರೀತಿಯಲ್ಲಿ ಇದು ಕರ್ನಾಟಕದ ಕರೆಂಟಿನ ನಾಲ್ಕು ದಾರಿ ಕೂಡುವ ಸರ್ಕಲ್ಲು. ಆ ಗೋಪುರಗಳ ನೆರಳು ಬೀಳುವ ಗದ್ದೆಗಳಲ್ಲೇ, ಭದ್ರಾ ನಾಲೆಯ ಕೊನೆಭಾಗದಲ್ಲಿ, ನೀರು ತಲುಪದಿದ್ದಾಗ ರೈತ ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತು ತ್ರೀ ಫೇಸ್‌ಗೆ ಕಾಯುತ್ತಾನೆ.

ಈ ದೃಶ್ಯ ನೋಡಿದ ಯಾರಿಗಾದರೂ ಮೊದಲು ಬರುವ ಮಾತು ಒಂದೇ: ಕರೆಂಟ್ ಸಾಲುತ್ತಿಲ್ಲ, ಸರ್ಕಾರ ದುಡ್ಡು ಸುರಿದು ಇನ್ನಷ್ಟು ಸ್ಥಾವರ ಕಟ್ಟಲಿ, ಅದೂ ಸೂರ್ಯ, ಗಾಳಿ ಎಂದು ಆಕಾಶ ನೋಡುವಂಥದ್ದಲ್ಲ, ಹಗಲೂ ರಾತ್ರಿ ಉರಿಯುವ ‘ಖಾತರಿ’ ಸ್ಥಾವರ. ವಿಧಾನಸಭೆಯಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಒಪ್ಪುವ ಅಪರೂಪದ ಮಾತು ಇದು. ಅಕ್ಕಿ ಗಿರಣಿ ಮಾಲೀಕರೂ ರೈತ ಮುಖಂಡರೂ ಇದನ್ನೇ ಹೇಳುತ್ತಾರೆ. ಹೇಳುವವರು ದಡ್ಡರಲ್ಲ, ಅವರ ಕಷ್ಟ ಸುಳ್ಳಲ್ಲ. ಆದರೂ ಈ ಮಾತಿನೊಂದಿಗೆ ನನಗೆ ಜಗಳವಿದೆ. ಖಾತರಿ ಎನ್ನುವುದು ಸ್ಥಾವರದೊಳಗೆ ಇರುವ ಗುಣ, ಅದನ್ನು ಮೆಗಾವ್ಯಾಟ್ ಲೆಕ್ಕದಲ್ಲಿ ಕೊಂಡುಕೊಳ್ಳಬಹುದು ಎಂಬ ನಂಬಿಕೆ ಇದರ ತಳಪಾಯ. ಆ ತಳಪಾಯವೇ ಟೊಳ್ಳು ಎಂಬುದು ನನ್ನ ವಾದ.

2023ರ ಅಕ್ಟೋಬರ್ ಅನ್ನೇ ತೆಗೆದುಕೊಳ್ಳೋಣ. ‘ಸ್ಥಾವರ ಬೇಕು’ ಎಂಬ ವಾದಕ್ಕೆ ಅದೇ ದೊಡ್ಡ ಸಾಕ್ಷಿ ಎಂದು ಎಲ್ಲರೂ ಎತ್ತಿ ತೋರಿಸುತ್ತಾರೆ. ಮಳೆ ಕೈಕೊಟ್ಟಿತ್ತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮಳೆಗಾಲದಲ್ಲಿ ಮಲಗಿರಬೇಕಾದ ಪಂಪ್‌ಸೆಟ್‌ಗಳು ಎಚ್ಚೆತ್ತು, ಬೇಡಿಕೆ ಬೇಸಿಗೆಯ ಮಟ್ಟಕ್ಕೆ ಏರಿತು. ಲಿಂಗನಮಕ್ಕಿ ಜಲಾಶಯ ತುಂಬಿರಲಿಲ್ಲ. ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ 7 ಗಂಟೆಯ ತ್ರೀ ಫೇಸ್ 5 ಗಂಟೆಗೆ ಇಳಿಯಿತು. ಆಗ ರಾಜ್ಯದ ಸ್ಥಾಪಿತ ಸಾಮರ್ಥ್ಯ ಎಷ್ಟಿತ್ತು? 30,000 ಮೆಗಾವ್ಯಾಟ್ ದಾಟಿತ್ತು. ಅದರ ನಂತರದ ಬೇಸಿಗೆಯಲ್ಲಿ, ಅಂದರೆ 2024ರಲ್ಲಿ, ರಾಜ್ಯ ಅಲ್ಲಿಯವರೆಗೆ ಕಾಣದ ಗರಿಷ್ಠ ಬೇಡಿಕೆ ಬಂದಾಗ ಅದು 17,000 ಮೆಗಾವ್ಯಾಟ್ ಚಿಲ್ಲರೆ.

‘ಆ 30,000ದಲ್ಲಿ ಅರ್ಧ ಸೌರ, ಪವನ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು’ ಎಂಬ ಉತ್ತರ ತಕ್ಷಣ ಬರುತ್ತದೆ. ಸರಿ, ಹಿಡಿಯುವುದು ಬೇಡ. ಖಾತರಿ ಎಂದು ಕರೆಯುವುದನ್ನಷ್ಟೇ ಎಣಿಸೋಣ. ರಾಯಚೂರಿನಲ್ಲಿ 1,720 ಮೆಗಾವ್ಯಾಟ್, ಬಳ್ಳಾರಿಯ ಕುಡುತಿನಿಯಲ್ಲಿ 1,700, ಯರಮರಸಿನಲ್ಲಿ 1,600. ಸರ್ಕಾರದ ದುಡ್ಡಿನಿಂದ, ಸರ್ಕಾರದ ಜಾಮೀನಿನ ಸಾಲದಿಂದ ಎದ್ದು ನಿಂತ ಈ ಮೂರೇ ಕಡೆ 5,020 ಮೆಗಾವ್ಯಾಟ್ ಆಯಿತು. ಉಡುಪಿಯ 1,200 ಇದೆ, ಕೂಡಗಿಯ 2,400ರಲ್ಲಿ ನಮ್ಮ ಪಾಲಿದೆ, ಕೈಗಾದ 880ರಲ್ಲಿ ಪಾಲಿದೆ. ಶರಾವತಿಯ 1,035 ಮತ್ತು ಕಾಳಿ, ವರಾಹಿ ಪ್ರತ್ಯೇಕ. ಆ ಅಕ್ಟೋಬರ್‌ನಲ್ಲಿ ಇವು ಎಲ್ಲಿಗೆ ಹೋಗಿದ್ದವು? ಕೆಲವು ಘಟಕ ರಿಪೇರಿಗೆ ನಿಂತಿದ್ದವು. ಕೆಲವಕ್ಕೆ ಸರಿಯಾದ ಕಲ್ಲಿದ್ದಲು ಇರಲಿಲ್ಲ. ಜಲವಿದ್ಯುತ್ತಿಗೆ ನೀರಿರಲಿಲ್ಲ. ಕಟ್ಟಡ ಇತ್ತು, ಚಿಮಣಿ ಇತ್ತು, ಜಲಾಶಯದ ಗೋಡೆ ಇತ್ತು. ಇರದಿದ್ದದ್ದು ಸ್ಥಾವರದ ಹೊರಗಿನದು.

ಬಿಕ್ಕಟ್ಟು ಕಳೆದ ಬಗೆಯನ್ನೂ ನೋಡಬೇಕು. ಅದನ್ನು ನಾವು ಎಷ್ಟು ಬೇಗ ಮರೆತೆವು ಎಂಬುದೇ ನನಗೆ ಸೋಜಿಗ. ಹೊಸ ಸ್ಥಾವರವೊಂದು ಬಂದು ನಮ್ಮನ್ನು ಉಳಿಸಲಿಲ್ಲ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರದೆ ರಾಜ್ಯದ ಜಾಲಕ್ಕೇ ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕಡ ತಂದಿತು, ಮಳೆಗಾಲದಲ್ಲಿ ವಾಪಸ್ ಕೊಡುವ ಕರಾರಿನ ಮೇಲೆ. ನೆರೆಮನೆಯಿಂದ ಒಂದು ಸೇರು ಅಕ್ಕಿ ತಂದು ಸುಗ್ಗಿಯಲ್ಲಿ ತೀರಿಸುವ ಹಳ್ಳಿಯ ವ್ಯವಹಾರವೇ ಇದು. ನವೆಂಬರ್ ಹೊತ್ತಿಗೆ 7 ಗಂಟೆ ಮರಳಿತು. ಅಂದರೆ ಕಾಪಾಡಿದ್ದು ತಂತಿ ಮತ್ತು ಕರಾರು. ಇಷ್ಟಾದ ಮೇಲೂ ‘ಪಾಠ’ ಎಂದು ನಾವು ಬರೆದುಕೊಂಡದ್ದು ಮಾತ್ರ ‘ಇನ್ನಷ್ಟು ಸ್ಥಾವರ ಕಟ್ಟಬೇಕು’ ಎಂದೇ.

ಖಾತರಿಗೆ ಸರ್ಕಾರದ ದುಡ್ಡು ಎಲ್ಲಿ ಬೀಳಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ಕನ್ನಡ ನಾಡಿನ ಮೊದಲ ದೊಡ್ಡ ವಿದ್ಯುತ್ ಯೋಜನೆಯ ಹೊತ್ತಿಗೇ ಇದು ಎದುರಾಗಿತ್ತು, ಉತ್ತರವೂ ಸಿಕ್ಕಿತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿ ತಲುಪಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. (ಅದನ್ನು ಹಟ ಹಿಡಿದು ಮಾಡಿಸಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ದೀಪ ಹತ್ತಿದ್ದನ್ನು ನೋಡಲಿಲ್ಲ.) ಕಥೆ ಹೇಳುವಾಗ ನಾವು ಜಲಪಾತವನ್ನೂ ಯಂತ್ರವನ್ನೂ ಹೊಗಳುತ್ತೇವೆ, ಕರಾರನ್ನು ಮರೆಯುತ್ತೇವೆ. ಮೈಸೂರು ಸಂಸ್ಥಾನ ಮೊದಲು ಕೊಳ್ಳುವವರನ್ನು ಹಿಡಿಯಿತು. ಗಣಿ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಮೇಲೆ ಹಣ ಹಾಕಿತು. ಕೊಳ್ಳುವವರು ದುಡ್ಡು ಕೊಡುವವರಾಗಿದ್ದರಿಂದ, ಕರೆಂಟು ತಪ್ಪಿದರೆ ಕೇಳುವವರೂ ಆಗಿದ್ದರು.

ಮುಂದೇನಾಯಿತು? ಬೇಸಿಗೆಯಲ್ಲಿ ಕಾವೇರಿ ಇಳಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲಲಿಲ್ಲ. ಆಗ ಮೈಸೂರು ಸರ್ಕಾರ ಬರೀ ಯಂತ್ರಗಳ ಸಂಖ್ಯೆ ಹೆಚ್ಚಿಸಿ ಸುಮ್ಮನಾಗಲಿಲ್ಲ. ಮೇಲಕ್ಕೆ ಹೋಗಿ ಕನ್ನಂಬಾಡಿಯಲ್ಲಿ ನದಿಗೇ ಕಟ್ಟೆ (ಇಂದಿನ ಕೆಆರ್‌ಎಸ್) ಹಾಕಲು ಹೊರಟಿತು. 1911ರಲ್ಲಿ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿ ಮಂಜೂರಾದಾಗ ಹಣಕಾಸಿನವರು ಹೌಹಾರಿದ್ದರು. ವಿಶ್ವೇಶ್ವರಯ್ಯನವರು ಮುಂದಿಟ್ಟ ವಾದದ ಗಟ್ಟಿ ಭಾಗವೇ ಗಣಿಗೆ ವರ್ಷವಿಡೀ ಕರೆಂಟು ಕೊಡುವುದಾಗಿತ್ತು. ಮಂಡ್ಯದ ಸೀಮೆಗೆ ನಾಲೆ ಹರಿದದ್ದು ಎಷ್ಟೋ ವರ್ಷದ ನಂತರ. ಇಂದು ಕೆಆರ್‌ಎಸ್ ಎಂದರೆ ಕಬ್ಬು, ಭತ್ತ, ಬೆಂಗಳೂರಿನ ಕುಡಿಯುವ ನೀರು, ತಮಿಳುನಾಡಿನ ಜಗಳ. ಅದು ಹುಟ್ಟುವಾಗ ವಿದ್ಯುತ್ತಿನ ಖಾತರಿಗಾಗಿ ಹುಟ್ಟಿತು ಎಂಬುದನ್ನು ನೆನೆದರೆ ನನ್ನ ವಾದ ಅರ್ಥವಾಗುತ್ತದೆ: ಸ್ಥಾವರದಿಂದ ನೂರಾರು ಮೈಲಿ ಅಲ್ಲದಿದ್ದರೂ ಸಾಕಷ್ಟು ದೂರದಲ್ಲಿ, ಟರ್ಬೈನ್ ಒಂದನ್ನೂ ಸೇರಿಸದ ಗೋಡೆಯೊಂದಕ್ಕೆ ಸಂಸ್ಥಾನ ತನ್ನ ಬೊಕ್ಕಸ ಬಿಚ್ಚಿತು. ಎಲ್ಲಿ ಕೊಂಡಿ ಸಡಿಲವಿತ್ತೋ ಅಲ್ಲಿಗೆ ಹಣ ಹೋಯಿತು.

ಈಗಿನ ರೀತಿಯನ್ನು ಪಕ್ಕಕ್ಕಿಟ್ಟು ನೋಡಿ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ, ಮಹಾರಾಷ್ಟ್ರದಿಂದ ರೈಲಿನಲ್ಲಿ ಬರಬೇಕು. ರಾಜ್ಯದ ವಿದ್ಯುತ್ ಉತ್ಪಾದನಾ ನಿಗಮವಾದ ಕೆಪಿಸಿಎಲ್‌ಗೆ ಮಹಾರಾಷ್ಟ್ರದ ಬರಾಂಜ್‌ನಲ್ಲಿ ಗಣಿ ಸಿಕ್ಕಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ದೇಶದ 204 ಗಣಿ ಹಂಚಿಕೆಗಳನ್ನು ರದ್ದು ಮಾಡಿದಾಗ ಅದೂ ಹೋಯಿತು, ಮತ್ತೆ ಪಡೆಯಲು ಮೊದಲಿನಿಂದ ಓಡಾಡಬೇಕಾಯಿತು. ಅದೇ ಹೊತ್ತಿಗೆ ಯರಮರಸಿನಲ್ಲಿ 800 ಮೆಗಾವ್ಯಾಟಿನ ಎರಡು ಘಟಕ ಏಳುತ್ತಿದ್ದವು. ಒಲೆ ದೊಡ್ಡದಾಯಿತು, ಸೌದೆಯ ಮನೆ ಖಾಲಿಯೇ ಉಳಿಯಿತು. ಯಲಹಂಕದ 370 ಮೆಗಾವ್ಯಾಟ್ ಅನಿಲ ಸ್ಥಾವರದ ಕಥೆಯನ್ನು ಬಿಡಿಸಿ ಹೇಳುವುದೇ ಬೇಡ. ವರ್ಷಗಟ್ಟಲೆ ಎಳೆದು 2024ರಲ್ಲಿ ಉದ್ಘಾಟನೆಯಾಯಿತು. ಅದರ ಕರೆಂಟಿನ ದರ ಕಡಲಾಚೆಯ ಅನಿಲ ಮಾರುಕಟ್ಟೆಯ ಕೈಯಲ್ಲಿದೆ.

ಇದರ ಮೇಲೆ ‘ನಿಗದಿತ ಶುಲ್ಕ’ ಎಂಬ ಏರ್ಪಾಡು. ಸ್ಥಾವರ ‘ನಾನು ಸಿದ್ಧ’ ಎಂದು ಘೋಷಿಸಿದರೆ ಸಾಕು, ಒಂದು ಯೂನಿಟ್ ತೆಗೆದುಕೊಳ್ಳದಿದ್ದರೂ ವಿತರಣಾ ಕಂಪನಿಗಳಾದ ಎಸ್ಕಾಂಗಳು ಬಂಡವಾಳದ ಖರ್ಚು ಕಟ್ಟಿಕೊಡಬೇಕು. ತಾತ್ವಿಕವಾಗಿ ಇದರಲ್ಲಿ ತಪ್ಪಿಲ್ಲ. ಮದುವೆಗೆ ಗೊತ್ತು ಮಾಡಿದ ಛತ್ರದ ಬಾಡಿಗೆಯನ್ನು ಊಟಕ್ಕೆ ಜನ ಕಡಿಮೆ ಬಂದರೆಂದು ಮುರಿಯಲಾಗುವುದಿಲ್ಲ. ಆದರೆ 2020ರ ಆಸುಪಾಸಿನ ವರ್ಷಗಳಲ್ಲಿ ನಮ್ಮ ಶಾಖೋತ್ಪನ್ನ ಘಟಕಗಳು ಅರ್ಧ ಸಾಮರ್ಥ್ಯಕ್ಕಿಂತ ಕಡಿಮೆ ದುಡಿದವು, ರಾಜ್ಯ ‘ಹೆಚ್ಚುವರಿ ವಿದ್ಯುತ್ ರಾಜ್ಯ’ ಎಂದು ಬೀಗಿ ಹೊರಗೆ ಮಾರುತ್ತಿತ್ತು. ಆಗ ಕಟ್ಟಿದ ಛತ್ರದ ಬಾಡಿಗೆ ನಮ್ಮ ಬಿಲ್ಲಿನಲ್ಲೇ ಸೇರಿದೆ. ಮೂರು ವರ್ಷದಲ್ಲಿ ಹೆಚ್ಚುವರಿಯಿಂದ ಕೊರತೆಗೆ ಜಾರಿದ್ದರೆ, ದೋಷ ಸ್ಥಾವರಗಳ ಸಂಖ್ಯೆಯಲ್ಲಿ ಇರಲು ಸಾಧ್ಯವೇ?

ಇದು ನಮ್ಮೊಬ್ಬರ ಭ್ರಮೆಯಲ್ಲ ಎಂಬುದಕ್ಕೆ ಅಮೆರಿಕದ ಟೆಕ್ಸಸ್ ರಾಜ್ಯ ಸಾಕ್ಷಿ. 2021ರ ಫೆಬ್ರವರಿಯಲ್ಲಿ ಅಲ್ಲಿ ಹಿಮಚಳಿ ಬಿತ್ತು. ಕತ್ತಲೆಯಲ್ಲಿ, ಚಳಿಯಲ್ಲಿ ಸರ್ಕಾರಿ ಲೆಕ್ಕದ ಪ್ರಕಾರವೇ 246 ಜನ ಸತ್ತರು. ಗಾಳಿಯಂತ್ರಗಳು ಹೆಪ್ಪುಗಟ್ಟಿದವು ಎಂದು ಅಲ್ಲಿನ ರಾಜಕಾರಣಿಗಳು ಕೂಗಿದರು. ಅವೂ ನಿಂತಿದ್ದವು, ನಿಜ. ಆದರೆ ಎಲ್ಲಕ್ಕಿಂತ ಹೆಚ್ಚು ಕೈಕೊಟ್ಟದ್ದು ಖಾತರಿಯೆಂದು ಹೆಸರಾದ ಅನಿಲ ಸ್ಥಾವರಗಳು. ಅನಿಲ ಬಾವಿಗಳೇ ಮರಗಟ್ಟಿದ್ದವು. ಲೋಡ್ ಶೆಡ್ಡಿಂಗ್ ಮಾಡುವಾಗ ಅನಿಲ ಪೂರೈಸುವ ಯಂತ್ರಗಳ ಕರೆಂಟನ್ನೂ ಕೆಲವೆಡೆ ಕಡಿದಿದ್ದರು. ಇಷ್ಟು ನೋಡಿದ ಮೇಲೂ ಅಲ್ಲಿನ ಮತದಾರರು 2023ರ ನವೆಂಬರ್‌ನಲ್ಲಿ ಒಪ್ಪಿದ್ದು ಹೊಸ ಅನಿಲ ಸ್ಥಾವರಗಳಿಗೆ ಶೇ 3ರ ಬಡ್ಡಿಯಲ್ಲಿ ಸರ್ಕಾರವೇ ಸಾಲ ಕೊಡುವ ನಿಧಿಯನ್ನು. ಅರ್ಜಿ ಹಾಕಿದ ಕಂಪನಿಗಳಲ್ಲಿ ಹಲವು ಆಮೇಲೆ ಹಿಂದೆ ಸರಿದವು. ಅಗ್ಗದ ಸಾಲ ಕೊಟ್ಟರೂ ಟರ್ಬೈನ್ ಬೇಕಾದಾಗ ಸಿಗಬೇಕಲ್ಲ! ಬಾವಿಗೆ ಹೊದಿಕೆ ಹಾಕುವ ಕೆಲಸಕ್ಕಿಂತ ಸ್ಥಾವರದ ಅಡಿಗಲ್ಲು ಎಲ್ಲ ದೇಶದಲ್ಲೂ ಚೆಂದ ಕಾಣುತ್ತದೆಯೇನೋ.

ನನ್ನ ವಾದಕ್ಕೆ ಇರುವ ಗಟ್ಟಿ ಆಕ್ಷೇಪವನ್ನು ಮುಚ್ಚಿಡುವುದು ಸಲ್ಲ. 1990ರ ದಶಕದಲ್ಲಿ ಕರ್ನಾಟಕಕ್ಕೆ ನಿಜವಾಗಿಯೂ ಸ್ಥಾವರಗಳ ಬರವಿತ್ತು. ಮಂಗಳೂರಿನ ಕೊಜೆಂಟ್ರಿಕ್ಸ್ ಕಲ್ಲಿದ್ದಲು ಸ್ಥಾವರದ ಯೋಜನೆ ವರ್ಷಗಟ್ಟಲೆ ಜಗ್ಗಾಟಕ್ಕೆ ಸಿಕ್ಕಿ, 1999ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಆ ದಶಕದಲ್ಲಿ ನನ್ನಂತೆ ಯಾರಾದರೂ ‘ಸ್ಥಾವರ ಮುಖ್ಯವಲ್ಲ’ ಎಂದಿದ್ದರೆ ಅದು ಹೊಟ್ಟೆ ತುಂಬಿದವರ ಮಾತಾಗುತ್ತಿತ್ತು. ಅಂದು ಸರ್ಕಾರ ರಾಯಚೂರಿನಲ್ಲಿ ಘಟಕದ ಮೇಲೆ ಘಟಕ ಸೇರಿಸಿದ್ದು ಸರಿ. ಅಲ್ಲಿನ ಮೊದಲ ಘಟಕ 1985ರದ್ದು. ಮುದಿಯಾದವನ್ನು ತೆಗೆದು ಬದಲಿ ಇಡಲೇಬೇಕು, ಅದಕ್ಕೆ ಸರ್ಕಾರದ ದುಡ್ಡು ಬೇಕು. ಸಂಜೆ 7ರಿಂದ ರಾತ್ರಿ 10ರ ಹೊತ್ತನ್ನು ಸೌರ ತುಂಬಲಾರದು ಎಂಬುದೂ ಅಷ್ಟೇ ನಿಜ. ನನ್ನ ತಕರಾರು ಕಟ್ಟುವುದರ ಬಗ್ಗೆ ಅಲ್ಲ, ಕಟ್ಟಿದ ಕೂಡಲೇ ಖಾತರಿ ಬಂತೆಂದು ಲೆಕ್ಕ ಮುಚ್ಚುವುದರ ಬಗ್ಗೆ.

ಈ ಲೆಕ್ಕ ಮುಚ್ಚುವ ಚಾಳಿ ಎದುರು ಪಾಳೆಯದಲ್ಲೂ ಇದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕನ್ನು ತೋರಿಸಿ ಇನ್ನು ಕಲ್ಲಿದ್ದಲೇ ಬೇಡ ಎನ್ನುವ ಗೆಳೆಯರು ನನಗಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯಿಂದ ಶುರುವಾದ, ರೈತರ ಜಮೀನನ್ನು ಕಿತ್ತುಕೊಳ್ಳದ ಆ ಮಾದರಿಯನ್ನು ನಾನೂ ಮೆಚ್ಚುತ್ತೇನೆ. ಆದರೆ ಮಧ್ಯಾಹ್ನದ ಕರೆಂಟನ್ನು ರಾತ್ರಿಗೆ ಎತ್ತಿಡುವುದು ಹೇಗೆ ಎಂದರೆ ಅವರ ಬೆರಳು ಶರಾವತಿಯತ್ತ ತಿರುಗುತ್ತದೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ: ಹಗಲು ನೀರೆತ್ತುವುದು, ರಾತ್ರಿ ಇಳಿಸುವುದು. ಸಿಂಗಳೀಕಗಳ ಅಭಯಾರಣ್ಯದ ಪ್ರಶ್ನೆಯನ್ನು ಪರಿಸರದವರು ಸರಿಯಾಗಿಯೇ ಎತ್ತಿದ್ದಾರೆ. ನಾನು ಎತ್ತುವುದು ಸಣ್ಣ ಪ್ರಶ್ನೆ. ಇದು ಕರೆಂಟು ಹುಟ್ಟಿಸುವ ಸ್ಥಾವರವೇ ಅಲ್ಲ. ಎತ್ತಲು ನುಂಗುವುದಕ್ಕಿಂತ ಇಳಿಸುವಾಗ ಕೊಡುವುದು ಕಡಿಮೆ. ಕಣಜ ಎಂದು ಕರೆಯೋಣ, ಬೆಳೆ ಎಂದು ಕರೆಯುವುದು ಬೇಡ. ಬ್ಯಾಟರಿಗೂ ಇದೇ ಮಾತು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಬ್ಯಾಟರಿ ಸಂಗ್ರಹಕ್ಕೆ ಬಂಡವಾಳದ ಶೇ 40ರವರೆಗೆ ಕೊರತೆ ತುಂಬುವ ನೆರವು ಒಪ್ಪಿತು. ಬ್ಯಾಟರಿಯನ್ನು ಬಾತಿಯಂಥ ಊರಿನ ಉಪಕೇಂದ್ರದ ಪಕ್ಕದಲ್ಲಿ ಇಟ್ಟರೆ ಒಂದು ಫಲ, ದೂರದ ಪಾರ್ಕಿನಲ್ಲಿ ಇಟ್ಟರೆ ಇನ್ನೊಂದು.

ಊರಿನ ಮಾತು ಬಂತು. ನನ್ನ ಸೋದರಮಾವನ ಹೊಲದ ಮೋಟರ್ ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಎರಡು ಸಲವೂ ಕರೆಂಟು ಇತ್ತು ಎಂಬುದನ್ನು ಗಮನಿಸಬೇಕು, ಇಲ್ಲದಿದ್ದರೆ ಸುಡುತ್ತಿರಲಿಲ್ಲ. ದಾವಣಗೆರೆಯ ಮೋಟರ್ ರಿವೈಂಡಿಂಗ್ ಅಂಗಡಿಗಳ ಮುಂದೆ ಬೇಸಿಗೆಯಲ್ಲಿ ಸಾಲಾಗಿ ಬಿದ್ದಿರುವ ಸಬ್‌ಮರ್ಸಿಬಲ್‌ಗಳನ್ನು ನೋಡಿದರೆ ವಿದ್ಯುತ್ ಖಾತೆಯ ಯಾವ ವಾರ್ಷಿಕ ವರದಿಯೂ ಬೇಕಾಗಿಲ್ಲ. ಕಾರಣ ಸರಳ. ವೋಲ್ಟೇಜು ಇಳಿದಾಗ ಮೋಟರ್ ಅದೇ ಭಾರ ಎಳೆಯಲು ಹೆಚ್ಚು ಕರೆಂಟು ಎಳೆಯುತ್ತದೆ, ಕಾಯಿಲ್ ಕಾಯುತ್ತದೆ, ವಾರ್ನಿಷ್ ಕರಗುತ್ತದೆ. ವೋಲ್ಟೇಜು ಯಾಕೆ ಇಳಿಯುತ್ತದೆ? ತ್ರೀ ಫೇಸ್ ಯಾವಾಗ ಬರುತ್ತದೋ ಎಂಬ ಅಪನಂಬಿಕೆಯಿಂದ ಎಲ್ಲರೂ ಆಟೊ ಸ್ಟಾರ್ಟರ್ ಹಾಕಿದ್ದಾರೆ. ಲೈನು ಜೀವ ಪಡೆದ ಕ್ಷಣಕ್ಕೆ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲಿನ ಹತ್ತಾರು ಮೋಟರ್ ಒಟ್ಟಿಗೆ ಏಳುತ್ತವೆ, ಪ್ರತಿಯೊಂದೂ ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಎಳೆಯುತ್ತದೆ. ಮೋಟರ್ ಉಳಿದರೆ ಟಿಸಿ ಸುಡುತ್ತದೆ. ಟಿಸಿ ಸುಟ್ಟರೆ ಬದಲಿ ಬರುವತನಕ ಗುತ್ತೂರಿನಲ್ಲಿ ಕೈಗಾದ ಕರೆಂಟು ಎಷ್ಟೇ ಹರಿದರೂ ಮಾವನಿಗೆ ಅದು ಆಕಾಶದ ನಕ್ಷತ್ರ.

ಇಲ್ಲಿ ಒಂದು ಕಹಿ ಸತ್ಯವನ್ನು ನಮ್ಮ ಕಡೆಯವರಿಗೂ ಹೇಳಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಹೆಚ್ಚಿನವಕ್ಕೆ ಮೀಟರ್ ಇಲ್ಲ, ಹಾಕಲು ಬಂದರೆ ನಾವು ಬಿಡುವುದಿಲ್ಲ. ಸರ್ಕಾರ ಆ ಲೆಕ್ಕಕ್ಕೆ ವರ್ಷಕ್ಕೆ 10,000 ಕೋಟಿಗೂ ಮೀರಿ ಸಹಾಯಧನ ಕೊಡುವುದಾಗಿ ಹೇಳುತ್ತದೆ, ಕೊಡುವುದು ಎಷ್ಟೋ ಸಲ ತಡವಾಗಿ. ಎಸ್ಕಾಂ ಕೈಯಲ್ಲಿ ದುಡ್ಡಿಲ್ಲದಾಗ ಕೆಪಿಸಿಎಲ್‌ಗೆ ಬಾಕಿ ನಿಲ್ಲುತ್ತದೆ, ಕೆಪಿಸಿಎಲ್‌ನ ಕೈ ಕಟ್ಟಿದಾಗ ಕಲ್ಲಿದ್ದಲಿನವರಿಗೆ, ರಿಪೇರಿಯವರಿಗೆ. ಕೋಲಾರದ ಗಣಿ ಕಂಪನಿ ದುಡ್ಡು ಕೊಟ್ಟು ಕೇಳುತ್ತಿತ್ತು. ನಾವು ಕೊಡದೆ, ಅಳೆಯದೆ, ಮುತ್ತಿಗೆ ಹಾಕಿ ಕೇಳುತ್ತೇವೆ. ಉಚಿತ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಭತ್ತದ ಬೆಲೆ ಗೊತ್ತಿರುವ ಯಾರೂ ಹಾಗೆ ಹೇಳಲಾರರು. ಆದರೆ ಅಳತೆಯೇ ಇಲ್ಲದ ಕಡೆ ಕಳವು ಯಾವುದು, ಸೋರಿಕೆ ಯಾವುದು, ಮಾವನ ಹೊಲಕ್ಕೆ ಹೋದದ್ದು ಎಷ್ಟು ಎಂದು ಯಾರೂ ಹೇಳಲಾರರು. ಆ ಕತ್ತಲಲ್ಲಿ ‘ಕೊರತೆ’ ಎಂಬ ಒಂದೇ ಪದ ಎಲ್ಲರನ್ನೂ ಕಾಪಾಡುತ್ತದೆ.

ಹಳ್ಳಿಯ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯನ್ನು ಯಾರೂ ಹಾಡಿ ಹೊಗಳಲಿಲ್ಲ. ಒಂದು ಮೆಗಾವ್ಯಾಟನ್ನೂ ಅದು ಹುಟ್ಟಿಸಲಿಲ್ಲ. ಆದರೆ ಸಂಜೆ ಮಕ್ಕಳು ಓದುವ ಹೊತ್ತಿಗೆ ದೀಪ ಉಳಿದಿದ್ದರೆ ಅದರಲ್ಲಿ ಅದರ ಪಾಲು ದೊಡ್ಡದು. ಈಗ ಕುಸುಮ್-ಸಿ ಹೆಸರಿನಲ್ಲಿ ಉಪಕೇಂದ್ರದ ಪಕ್ಕದಲ್ಲೇ ಸೌರ ಫಲಕ ಹಾಕಿ ಪಂಪ್‌ಸೆಟ್ ಫೀಡರ್‌ಗಳಿಗೆ ಹಗಲು ಕರೆಂಟು ಕೊಡುವ ಕೆಲಸ ನಡೆದಿದೆ. ಹಗಲು ಸಿಕ್ಕರೆ ರಾತ್ರಿ ಪಾಳಿಯಲ್ಲಿ ಹಾವು, ಚಿರತೆಗೆ ಹೆದರುತ್ತ ಹೊಲದಲ್ಲಿ ಮಲಗುವುದು ತಪ್ಪುತ್ತದೆ. ಉದ್ದ ತಂತಿಯಲ್ಲಿ ಸೋರುವುದೂ ತಗ್ಗುತ್ತದೆ. ಆದರೆ ಅದನ್ನೂ ಮೆಗಾವ್ಯಾಟ್ ಎಣಿಸಿಯೇ ಹೊಗಳಲು ಶುರು ಮಾಡಿದ್ದೇವೆ. ಟಿಸಿ ಎಷ್ಟು ಸೇರಿಸಿದೆವು, ಕೆಪಾಸಿಟರ್ ಎಷ್ಟು ಕೂರಿಸಿದೆವು ಎಂದು ಯಾರೂ ಕೇಳುವುದಿಲ್ಲ. ಕೆಪಾಸಿಟರ್‌ಗೆ ಅಡಿಗಲ್ಲು ಹಾಕಲು ಯಾವ ಮಂತ್ರಿ ಬಾತಿಗೆ ಬಂದಾರು?

ಹಾಗಾಗಿ ಸ್ಥಾವರಕ್ಕೆ ದುಡ್ಡು ಕೊಡುವುದಾದರೆ ಕೊಡಲಿ. ಆದರೆ ಕರಾರು ಬದಲಾಗಲಿ. ‘ಇಷ್ಟು ಮೆಗಾವ್ಯಾಟ್ ಕಟ್ಟಿದೆ’ ಎಂಬುದಕ್ಕೆ ಕೊಡುವ ಬದಲು, ಬರದ ಅಕ್ಟೋಬರ್‌ನ ಸಂಜೆ 7ಕ್ಕೆ, ಏಪ್ರಿಲ್‌ನ ಮಧ್ಯಾಹ್ನ 2ಕ್ಕೆ ಎಷ್ಟು ಕೊಟ್ಟೆ ಎಂಬುದಕ್ಕೆ ಕೊಡಲಿ. ಕೊಡದಿದ್ದರೆ ನಿಗದಿತ ಶುಲ್ಕ ಕಡಿಯಲಿ, ಸ್ಥಾವರ ಸರ್ಕಾರದ್ದೇ ಆದರೂ. ಅಷ್ಟೇ ಬಿಗಿಯಾಗಿ ಸರ್ಕಾರ ತನ್ನ ಸಹಾಯಧನದ ಬಾಕಿಯನ್ನೂ ತಿಂಗಳ ಕೊನೆಗೆ ಕಟ್ಟಲಿ. ಸ್ಥಾವರಕ್ಕೆ ಇಡುವ ಪ್ರತಿ ರೂಪಾಯಿಯ ಪಕ್ಕದಲ್ಲಿ ಗುತ್ತೂರಿನಿಂದ ಬಾತಿಯವರೆಗಿನ ಕೊನೆಯ ಕೆಲವು ಮೈಲಿಗೆ ಎಷ್ಟು ಇಟ್ಟಿದ್ದೀರಿ ಎಂದು ಬಜೆಟ್ ಪುಸ್ತಕದಲ್ಲಿ ಕಾಣಲಿ. ಈ ಮೂರೂ ನಡೆದ ಮೇಲೆ ಕೊರತೆ ಉಳಿದರೆ, ಹೊಸ ಸ್ಥಾವರ ಕೇಳುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.

ಮಾವನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಒಂದು ವೋಲ್ಟ್ ಮೀಟರ್ ಇದೆ. ಎರಡನೇ ಸಲ ಮೋಟರ್ ಸುಟ್ಟ ಮೇಲೆ ಅವರು ಆಟೊ ಸ್ಟಾರ್ಟರ್ ಕಿತ್ತು ಹಾಕಿದರು. ಈಗ ಬಟನ್ ಒತ್ತುವ ಮೊದಲು ಟಾರ್ಚು ಹಿಡಿದು ಮುಳ್ಳು ನೋಡುತ್ತಾರೆ. 415ರ ಹತ್ತಿರ ಇರಬೇಕಾದ್ದು ಎಷ್ಟೋ ರಾತ್ರಿ 320ರಲ್ಲಿ ತೂಗಾಡುತ್ತಿರುತ್ತದೆ. ಆಗ ಪೆಟ್ಟಿಗೆಯ ಬಾಗಿಲು ಮುಚ್ಚಿ, ಕಂಬಳಿ ಹೊದ್ದು, ಬದುವಿನ ಮೇಲೆ ಕೂರುತ್ತಾರೆ. ಆ ಮುಳ್ಳು ಎಲ್ಲಿ ನಿಂತಿತ್ತು ಎಂದು ಬರೆದುಕೊಳ್ಳುವ ಕಾಲಂ ಯಾವ ಸ್ಥಾವರದ ಯೋಜನಾ ವರದಿಯಲ್ಲೂ ನಾನು ಕಂಡಿಲ್ಲ.